ಅರಿಶಿನ: ಹಸಿರೆಲೆಗೆ ಕುಡುಗೋಲು ಹಾಕಬೇಡಿ

ಗಂಗಾವತಿ, ಸಿಂಧನೂರು ಕಡೆ ಎರೆಹೊಲದಲ್ಲಿ ಅರಿಶಿನ ಹಾಕಿದವರು ಗಮನಿಸಿ. ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆಯೇ ಕೆಳಗಿಳಿದು ಗಡ್ಡೆಯಲ್ಲಿ ಪಿಷ್ಟವಾಗುತ್ತದೆ. ಬಣ್ಣ ಕೊಡುವ ಕರ್ಕ್ಯುಮಿನ್, ಘಮದ ಎಣ್ಣೆ ಎರಡಕ್ಕೂ ಕಚ್ಚಾ ಸರಕು ಅದೇ ಸಕ್ಕರೆಯ ಇಂಗಾಲ. ಸುಳಿಯ ಎಳೆ ಎಲೆ ಸಕ್ಕರೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಗಡ್ಡೆಗೆ ಕಳಿಸುವುದು ಪೂರ್ತಿ ಬಿಚ್ಚಿದ ಎಲೆ. ಹಾಗಾಗಿ ನಾಟಿಯಾಗಿ 4-5 ತಿಂಗಳಾದ ಮೇಲೆ, ಗಡ್ಡೆ ದಪ್ಪವಾಗುವ ಹೊತ್ತಲ್ಲಿ, ಯೂರಿಯಾ ಸುರಿಯಬೇಡಿ. ಹೊಸ ಎಲೆ ಚಿಗುರಿ, ಸಕ್ಕರೆಯೆಲ್ಲ ಅದಕ್ಕೇ ಖರ್ಚಾಗುತ್ತದೆ. ಸಕ್ಕರೆ ಸಾಗಿಸಲು ಗಿಡಕ್ಕೆ ಬೇಕಾದ್ದು ಪೊಟ್ಯಾಷ್.

ಎಳೆ ಎಲೆಯಲ್ಲಿ ನರ ಮಾತ್ರ ಹಸಿರಾಗಿ ಉಳಿದು ನಡುವೆ ಹಳದಿಯಾಗಿದೆಯೇ? ಸುಣ್ಣದಂಶದ ನಮ್ಮ ಮಣ್ಣಲ್ಲಿ ಇದು ಬಹುಪಾಲು ಕಬ್ಬಿಣದ ಕೊರತೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಸಂಜೆ ಸಿಂಪಡಿಸಿ. ಹಳದಿ ಎಲೆ ಸಕ್ಕರೆ ಮಾಡುವುದೇ ಕಡಿಮೆ, ತಡಮಾಡಬೇಡಿ.

ಕಾಲುವೆ ನೀರು ಸಾಲಲ್ಲಿ ನಿಂತರೆ ಬೇರಿಗೆ ಉಸಿರಿಲ್ಲ, ಗಡ್ಡೆ ಕೊಳೆಯುತ್ತದೆ. ಬಸಿಗಾಲುವೆ ತೆಗೆಯಿರಿ.

ಹಸಿರೆಲೆ ಕೊಯ್ದು ಗಡ್ಡೆ ಕೀಳುವ ಅವಸರವೂ ಬೇಡ. ಎಲೆ ಹಳದಿಯಾಗಿ, ಒಣಗಿ, ದಂಟು ಬಾಗುವವರೆಗೂ ಸಕ್ಕರೆ ಇಳಿಯುತ್ತಲೇ ಇರುತ್ತದೆ. ಎಳೆ ಗಡ್ಡೆ ಕುದಿಸಿ ಒಣಗಿಸಿದರೆ ಸುಕ್ಕುಗಟ್ಟಿ ತೂಕ ಕಳೆದುಕೊಳ್ಳುತ್ತದೆ.