ಕಾರಿನ ಎಂಜಿನ್‌ಗೆ ಬೆಂಕಿ ಹತ್ತುವುದು ಯಾಕೆ, ಹತ್ತದಂತೆ ನೋಡಿಕೊಳ್ಳುವುದು ಹೇಗೆ

ಓಡುತ್ತಿದ್ದ ಕಾರು ನಡುರಸ್ತೆಯಲ್ಲಿ ಧಗಧಗ ಉರಿದುಹೋಯಿತು ಅಂತ ಆಗಾಗ ಕೇಳುತ್ತೇವೆ. ನೋಡಿದವರಿಗೆ ಅದು ಒಂದೇ ಕ್ಷಣದಲ್ಲಿ ಆದಂತೆ ಕಾಣುತ್ತದೆ. ಆದರೆ ಬಹಳಷ್ಟು ಸಲ ಅದಕ್ಕೂ ಎಷ್ಟೋ ದಿನ ಮೊದಲೇ ಎಲ್ಲೋ ಒಂದು ಪೈಪು ಒಸರುತ್ತಿರುತ್ತದೆ, ಇಲ್ಲವೇ ಒಂದು ವೈರು ಬಿಸಿಯಾಗುತ್ತಿರುತ್ತದೆ. ವಾಸನೆಯೂ ಬಂದಿರುತ್ತದೆ. ಎದುರಿನ ಗಾಡಿಯದ್ದಿರಬೇಕು ಅಂದುಕೊಂಡು ಕಿಟಕಿ ಏರಿಸಿ ಮುಂದೆ ಹೋಗಿರುತ್ತೇವೆ. ಹಾಗಾಗಿ ಬೆಂಕಿ ಆರಿಸುವ ವಿಚಾರಕ್ಕಿಂತ ಮೊದಲು ಬಾನೆಟ್ ಎತ್ತಿ ನೋಡುವ ವಿಚಾರ ಹೇಳುತ್ತೇನೆ. ಅದಕ್ಕೆ ಮೆಕ್ಯಾನಿಕ್ ಆಗಿರಬೇಕಿಲ್ಲ. ಒಂದು ಟಾರ್ಚ್ ಇದ್ದರೆ ಸಾಕು.

ಮೊದಲು ಪೆಟ್ರೋಲ್. ಪೆಟ್ರೋಲ್ ಎಷ್ಟು ಬೇಗ ಆವಿಯಾಗುತ್ತದೆ ಅಂದರೆ ಮೈನಸ್ 40 ಡಿಗ್ರಿ ಚಳಿಯಲ್ಲೂ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಅದು ಪೈಪಿನೊಳಗೆ ಸಾಮಾನ್ಯವಾಗಿ 3ರಿಂದ 4 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡದಲ್ಲಿರುತ್ತದೆ, ಡೈರೆಕ್ಟ್ ಇಂಜೆಕ್ಷನ್ ಆದರೆ ಇನ್ನೂ ಎಷ್ಟೋ ಪಟ್ಟು ಜಾಸ್ತಿ. ಅಂದಮೇಲೆ ಸೂಜಿಮೊನೆಯಷ್ಟು ಬಿರುಕು ಬಿಟ್ಟರೂ ಪೆಟ್ರೋಲ್ ತೊಟ್ಟಿಕ್ಕುವುದಿಲ್ಲ, ಮಂಜಿನ ಹಾಗೆ ಚಿಮ್ಮುತ್ತದೆ. ಪಕ್ಕದಲ್ಲೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಇದೆ, ಸ್ಪಾರ್ಕ್ ಪ್ಲಗ್ ಕಾಯಿಲ್ ಇದೆ, ಎಲ್ಲಿ ಒಂದು ಕಿಡಿ ಹಾರಿದರೂ ಮುಗಿಯಿತು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಇಂಧನದ ರಬ್ಬರ್ ಹೋಸ್ ಎಲ್ಲಿ ಬರುತ್ತದೆ ಅಂತ ಹುಡುಕಿ. ಕಾಣದಿದ್ದರೆ ಮೆಕ್ಯಾನಿಕ್ ಹತ್ತಿರ ಒಮ್ಮೆ ತೋರಿಸಿಕೊಳ್ಳಿ. ಹೋಸ್ ಹಾಳಾಗುವುದು ಹೆಚ್ಚಾಗಿ ನಡುವಿನಲ್ಲಲ್ಲ, ಕ್ಲಾಂಪ್ ಬಿಗಿದಿರುವ ತುದಿಯಲ್ಲಿ. ಆ ತುದಿಯನ್ನು ಬೆರಳಲ್ಲಿ ನಿಧಾನಕ್ಕೆ ಬಗ್ಗಿಸಿ, ಟಾರ್ಚ್ ಅಡ್ಡಲಾಗಿ ಹಿಡಿದು ನೋಡಿ. ಕೆರೆ ಬತ್ತಿದಾಗ ಮಣ್ಣು ಸೀಳುತ್ತದಲ್ಲ, ಹಾಗೆ ಸಣ್ಣ ಸಣ್ಣ ಬಿರುಕುಗಳು ಕಂಡರೆ ಆ ಹೋಸ್‌ನ ಕಾಲ ಮುಗಿಯಿತು. ಒತ್ತಿದರೆ ಕಲ್ಲಿನ ಹಾಗೆ ಗಟ್ಟಿಯಾಗಿದ್ದರೂ ಅಷ್ಟೇ, ಉಬ್ಬಿ ಮೆತ್ತಗಾಗಿದ್ದರೂ ಅಷ್ಟೇ. ಕ್ಲಾಂಪ್ ಸುತ್ತ ಧೂಳು ಒಂದೇ ಕಡೆ ಕಪ್ಪಗೆ ಅಂಟಿಕೊಂಡಿದ್ದರೆ ಅಲ್ಲಿ ಏನೋ ಒಸರಿ ಒಣಗುತ್ತಿದೆ ಅಂತ ಅರ್ಥ. ಬದಲಿಸುವಾಗ ಇಂಧನಕ್ಕೆಂದೇ ಮಾಡಿದ, ಇಂಜೆಕ್ಷನ್ ಒತ್ತಡ ತಡೆಯುವ ಹೋಸ್ ಹಾಕಿಸಿ. ನೀರಿನ ಪೈಪ್ ತುಂಡು ಮಾಡಿ ಸಿಕ್ಕಿಸಿ ಸದ್ಯಕ್ಕೆ ನಡೆಯುತ್ತೆ ಅನ್ನುವವರಿಗೆ ಕಾರು ಕೊಡಬೇಡಿ. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಪೆಟ್ರೋಲ್ ವಾಸನೆ ಬಂದರೆ ಆ ದಿನ ಆ ಕಾರು ಓಡಿಸಲೇಬೇಡಿ, ಗ್ಯಾರೇಜಿನವರನ್ನೇ ಕರೆಸಿ. ಡೀಸೆಲ್ ಅಷ್ಟು ಸುಲಭಕ್ಕೆ ಹೊತ್ತುವುದಿಲ್ಲ ನಿಜ, ಆದರೆ ಅದರ ಪೈಪಿನ ಒತ್ತಡ ಸಾವಿರ ಬಾರ್ ದಾಟುವುದರಿಂದ ಎಂಜಿನ್ ಓಡುತ್ತಿರುವಾಗ ಲೀಕ್ ಎಲ್ಲಿದೆ ಅಂತ ಕೈ ಹಾಕಿ ಹುಡುಕಬೇಡಿ, ಆ ಧಾರೆ ಚರ್ಮವನ್ನೇ ತೂರಿಕೊಂಡು ಒಳಗೆ ಹೋಗುತ್ತದೆ.

ಆಯಿಲ್‌ನದ್ದು ಬೇರೆ ಕತೆ. ಇದನ್ನು ಜನ ಕಡೆಗಣಿಸುವುದೇ ಜಾಸ್ತಿ. ಬಿಸಿ ಲೋಹದ ಮೇಲೆ ಬಿದ್ದ ಪೆಟ್ರೋಲ್ ಹೊತ್ತಿಕೊಳ್ಳುವ ಮೊದಲೇ ಹಾರಿಹೋಗಬಹುದು, ಅದಕ್ಕೆ ಹೆಚ್ಚಾಗಿ ಕಿಡಿಯೇ ಬೇಕು. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್, ಬ್ರೇಕ್ ಫ್ಲೂಯಿಡ್ ಹಾಗಲ್ಲ. ಕೆಂಪಗೆ ಕಾದ ಎಕ್ಸಾಸ್ಟ್ (ಹೊಗೆ ಹೋಗುವ ಕೊಳವೆ) ಮೇಲೆ ಬಿದ್ದರೆ ಅಲ್ಲೇ ಕೂತು ಸುಟ್ಟು, ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಲ್ಲವು. ಎಂಜಿನ್ ತಲೆಯ ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್, ಅಂದರೆ ಆಯಿಲ್ ಸೋರದಂತೆ ತಡೆಯುವ ಪಟ್ಟಿ, ಹಳತಾದಾಗ ಆಯಿಲ್ ಸರಿಯಾಗಿ ಎಕ್ಸಾಸ್ಟ್ ಇರುವ ಕಡೆಗೇ ಇಳಿಯುವ ಕಾರುಗಳು ಸಾಕಷ್ಟಿವೆ. ಸಿಗ್ನಲ್‌ನಲ್ಲಿ ನಿಂತಾಗ ಸುಟ್ಟ ಎಣ್ಣೆಯ ವಾಸನೆ, ಬಾನೆಟ್ ಅಂಚಿನಿಂದ ತೆಳುವಾಗಿ ನೀಲಿ ಹೊಗೆ, ಇವೆರಡೂ ಇದರ ಗುರುತು. ಟರ್ಬೊ ಇರುವ ಎಂಜಿನ್ ಆದರೆ ಟರ್ಬೊಗೆ ಆಯಿಲ್ ಒಯ್ಯುವ ಪೈಪನ್ನೂ ನೋಡಿಸಿ. ಆಯಿಲ್ ಬದಲಿಸಿದ ಮೇಲೆ ಮುಚ್ಚಳ ಹಾಕಿದ್ದಾರಾ, ಒರೆಸಿದ ಬಟ್ಟೆಯನ್ನು ಒಳಗೇ ಬಿಟ್ಟಿದ್ದಾರಾ ಅಂತ ನೀವೇ ಒಮ್ಮೆ ಕಣ್ಣು ಹಾಯಿಸಿ. ಎಂಜಿನ್ ಮೇಲೆ ಮರೆತ ಒಂದು ಬಟ್ಟೆ ಚೂರು ಸಾಕು.

ಇನ್ನು ವೈರಿಂಗ್. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಫ್ಯೂಸ್ ಇರುವುದು ಮುಖ್ಯವಾಗಿ ವೈರನ್ನು ಉಳಿಸಲಿಕ್ಕೆ. 10 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತಿದೆ ಅಂತ 30ರದ್ದು ಹಾಕಿದರೆ, ಇಲ್ಲವೇ ತಾಮ್ರದ ಎಳೆ ಸುತ್ತಿ ಸಿಕ್ಕಿಸಿದರೆ, ಮುಂದಿನ ಸಲ ಕರಗುವುದು ವೈರು. ಫ್ಯೂಸ್ ಎರಡನೇ ಸಲ ಹೋಯಿತು ಅಂದರೆ ಎಲ್ಲೋ ಶಾರ್ಟ್ ಆಗುತ್ತಿದೆ, ಅದನ್ನು ಹುಡುಕಿಸಿ.

ಆಮೇಲೆ ಹೊರಗಿನಿಂದ ಹಾಕಿಸುವ ಲೈಟು, ಹಾರ್ನ್, ಆಂಪ್ಲಿಫೈಯರ್, ಕ್ಯಾಮೆರಾ. ಒಂದು ಲೆಕ್ಕ ನೋಡಿ. ಕಂಪನಿಯಿಂದ ಬಂದ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ 12 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 4.6 ಆಂಪಿಯರ್. ಬೆಳಕು ಸಾಲದು ಅಂತ 100 ವ್ಯಾಟ್ ಬಲ್ಬ್ ಹಾಕಿದರೆ 8.3 ಆಂಪಿಯರ್. ಎರಡು ಪಟ್ಟೂ ಆಗಲಿಲ್ಲ ಅಲ್ವಾ ಅನ್ನಿಸಬಹುದು. ಆದರೆ ವೈರಿನಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಅದೇ ತೆಳ್ಳನೆ ವೈರು ಈಗ ಮೂರು ಪಟ್ಟಿಗಿಂತ ಜಾಸ್ತಿ ಕಾಯುತ್ತದೆ. ಹಾಕಿಸಲೇಬೇಕು ಅಂದರೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ದಪ್ಪ ವೈರು, ಬ್ಯಾಟರಿಗೆ ಒಂದು ಗೇಣು ದೂರದಲ್ಲೇ ಬೇರೆ ಫ್ಯೂಸ್, ಈ ಮೂರೂ ಇರಲಿ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಯಾಕೆ ಅಂದರೆ, ಅಲ್ಲಿಂದ ಫ್ಯೂಸ್‌ವರೆಗಿನ ವೈರಿಗೆ ಯಾವ ಕಾವಲೂ ಇರುವುದಿಲ್ಲ. ಬ್ಯಾಟರಿಗೆ ನೇರ ಜೋಡಿಸಿದ ವೈರು ಕೀ ತೆಗೆದ ಮೇಲೂ ಜೀವಂತ. ನಿಲ್ಲಿಸಿಟ್ಟ ಕಾರು ರಾತ್ರಿ ಉರಿಯುವುದಕ್ಕೆ ಇದೂ ಒಂದು ಕಾರಣ.

ಅಂಥ ವೈರು ಎಂಜಿನ್ ಕಡೆಯಿಂದ ಕಾರಿನೊಳಗೆ ಬರುವ ಜಾಗವನ್ನು ತಪ್ಪದೆ ನೋಡಿ. ತಗಡಿನ ತೂತಿಗೆ ರಬ್ಬರ್ ಬುಷ್ ಇರಬೇಕು. ಇಲ್ಲದಿದ್ದರೆ ಕಾರು ಅದುರಿದಾಗಲೆಲ್ಲ ತಗಡಿನ ಅಂಚು ವೈರಿನ ಮೇಲ್ಪದರವನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತದೆ, ಒಂದು ದಿನ ತಾಮ್ರ ತಗಡಿಗೆ ತಾಗುತ್ತದೆ. ಬರೀ ತಿರುಚಿ ಟೇಪ್ ಸುತ್ತಿದ ಜೋಡಣೆಗಳೂ ಅಷ್ಟೇ ಅಪಾಯ, ಎಂಜಿನ್ ಶಾಖಕ್ಕೆ ಟೇಪಿನ ಅಂಟು ಬಿಟ್ಟುಹೋಗುತ್ತದೆ.

ಬ್ಯಾಟರಿಯನ್ನು ಎರಡೂ ಕೈಯಲ್ಲಿ ಅಲ್ಲಾಡಿಸಿ ನೋಡಿ. ಅಲ್ಲಾಡಬಾರದು. ಹಿಡಿದಿಡುವ ಪಟ್ಟಿ ಇಲ್ಲದಿದ್ದರೆ ಹಳ್ಳಕ್ಕೆ ಬಿದ್ದಾಗ ಅದು ಜಾರಿ ಪಾಸಿಟಿವ್ ಟರ್ಮಿನಲ್ ಲೋಹಕ್ಕೆ ತಾಗಬಹುದು, ಆಗ ಹರಿಯುವುದು ನೂರಾರು ಆಂಪಿಯರ್. ಕಳಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

ಇಲಿಗಳ ಕಾಟವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವೈರು ಕಡಿಯುವುದು ಒಂದು ಕಡೆಯಾದರೆ, ಒಣಹುಲ್ಲು, ಕಾಗದ, ಹತ್ತಿ ತಂದು ಗೂಡು ಕಟ್ಟುವುದು ಇನ್ನೊಂದು ಕಡೆ. ವಾರಗಟ್ಟಲೆ ನಿಂತಿದ್ದ ಕಾರನ್ನು ಬಾನೆಟ್ ಎತ್ತಿ ನೋಡದೆ ಸ್ಟಾರ್ಟ್ ಮಾಡಬೇಡಿ. ಹಾಗೆಯೇ ಒಣಹುಲ್ಲು, ಎಲೆರಾಶಿ ಇರುವ ಕಡೆ ಕಾರು ನಿಲ್ಲಿಸಬೇಡಿ. ಅಡಿಯಲ್ಲಿರುವ, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ಎಂಜಿನ್ ಒಂದು ಸಿಲಿಂಡರ್‌ನಲ್ಲಿ ಮಿಸ್ ಹೊಡೆಯುತ್ತಿದ್ದರೆ ಸುಡದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದು ಇನ್ನೂ ಕಾಯುತ್ತದೆ. ಇದರ ಸೂಚನೆಯಾಗಿ ಚೆಕ್ ಎಂಜಿನ್ ಲೈಟ್ ಮಿನುಗುತ್ತಿದ್ದರೆ ಎಳೆದಾಡಿಕೊಂಡು ಮನೆವರೆಗೆ ಹೋಗೋಣ ಅನ್ನುವುದು ಬೇಡ.

ಟೆಂಪರೇಚರ್ ಮುಳ್ಳು ಕೆಂಪಿಗೆ ಹೋದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ. ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಎಂಜಿನ್ ತಣಿಸುವ ಕೂಲೆಂಟ್ ಬರೀ ನೀರಲ್ಲ, ಅದರಲ್ಲಿ ಗ್ಲೈಕಾಲ್ ಇರುತ್ತದೆ. ಸೋರಿದ ಕೂಲೆಂಟ್‌ನಲ್ಲಿ ನೀರು ಆವಿಯಾಗಿ ಹೋದ ಮೇಲೆ ಉಳಿಯುವ ಗ್ಲೈಕಾಲ್ ಬಿಸಿ ಲೋಹದ ಮೇಲೆ ಉರಿಯಬಲ್ಲದು. ಸಿಹಿ ವಾಸನೆಯ ಬಿಳಿ ಹಬೆ ಬಂದರೆ ಅದು ಕೂಲೆಂಟ್. ಪ್ಲಾಸ್ಟಿಕ್ ಸುಟ್ಟ ವಾಸನೆ ಆದರೆ ವೈರು.

ಇಷ್ಟೆಲ್ಲ ಆಗಿಯೂ ಹೊಗೆ ಬಂತು ಅನ್ನಿ. ರಸ್ತೆ ಬದಿಗೆ ತಂದು ನಿಲ್ಲಿಸಿ, ತಕ್ಷಣ ಇಗ್ನಿಷನ್ ಆಫ್ ಮಾಡಿ. ಇಂಧನದ ಪಂಪ್ ನಿಲ್ಲುವುದು ಆಗಲೇ. ಮಕ್ಕಳನ್ನು, ವಯಸ್ಸಾದವರನ್ನು ಮೊದಲು ಇಳಿಸಿ, ಎಲ್ಲರೂ ಕನಿಷ್ಠ 30 ಮೀಟರ್ ದೂರ ಹೋಗಿ, ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಬ್ಯಾಗು, ಲ್ಯಾಪ್‌ಟಾಪ್ ತರಲು ಮತ್ತೆ ಹೋಗಬೇಡಿ, ದಯವಿಟ್ಟು. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಒಮ್ಮೆಲೇ ನುಗ್ಗಿ ಜ್ವಾಲೆ ನಿಮ್ಮ ಮುಖಕ್ಕೇ ಬರುತ್ತದೆ. ಬೆಂಕಿ ಇನ್ನೂ ಚಿಕ್ಕದಾಗಿದ್ದು, ಕೈಯಲ್ಲಿ ಬೆಂಕಿ ಆರಿಸುವ ಡ್ರೈ ಪೌಡರ್ ಸಿಲಿಂಡರ್ ಇದ್ದರೆ ಬಾನೆಟ್ ಸಂದಿಯಿಂದ ಇಲ್ಲವೇ ಮುಂದಿನ ಜಾಲರಿಯಿಂದ ಒಳಗೆ ಹೊಡೆಯಿರಿ. 1 ಕೆಜಿಯ ಸಿಲಿಂಡರ್ ಹತ್ತು ಸೆಕೆಂಡ್ ಆಸುಪಾಸಿನಲ್ಲಿ ಖಾಲಿಯಾಗುತ್ತದೆ, ಆರದಿದ್ದರೆ ಹಿಂದೆ ಸರಿಯಿರಿ. ಪೆಟ್ರೋಲ್ ಬೆಂಕಿಗೆ ನೀರು ಎರಚಬೇಡಿ, ತೇಲಿಕೊಂಡು ಹರಡುತ್ತದೆ.

ಆ ಸಿಲಿಂಡರನ್ನು ಡಿಕ್ಕಿಯಲ್ಲಿ ಲಗೇಜಿನಡಿ ಹೂತಿಡಬೇಡಿ. ಸೀಟಿನ ಕೆಳಗೆ, ಬ್ರಾಕೆಟ್ ಹಾಕಿಸಿ ಕೈಗೆ ಸಿಗುವಂತೆ ಇಡಿ, ಮುಳ್ಳು ಹಸಿರಿನಲ್ಲಿದೆಯಾ ಅಂತ ಆಗಾಗ ನೋಡಿ. ಕಿಟಕಿ ಗಾಜು ಒಡೆಯುವ ಸಣ್ಣ ಸುತ್ತಿಗೆಯೂ ಪಕ್ಕದಲ್ಲೇ ಇರಲಿ, ವೈರಿಂಗ್ ಸುಟ್ಟರೆ ಪವರ್ ವಿಂಡೋ ಇಳಿಯದೇ ಹೋಗಬಹುದು.

ಎಲೆಕ್ಟ್ರಿಕ್ ಕಾರಾದರೆ ಲೆಕ್ಕ ಬೇರೆ. ಬ್ಯಾಟರಿ ಪ್ಯಾಕ್‌ಗೆ ಬೆಂಕಿ ಹತ್ತಿದರೆ ಕೈಯಲ್ಲಿರುವ ಸಿಲಿಂಡರ್‌ನಿಂದ ಏನೂ ಆಗುವುದಿಲ್ಲ, ಆರಿದ ಮೇಲೂ ಗಂಟೆಗಳು, ಕೆಲವೊಮ್ಮೆ ದಿನಗಳೇ ಕಳೆದು ಮತ್ತೆ ಹೊತ್ತಬಹುದು. ದೂರ ಹೋಗುವುದೊಂದೇ ಕೆಲಸ.

ಪೆಟ್ರೋಲ್ ಕಾರಿನ ಸಣ್ಣ ಬೆಂಕಿ ಆರಿತು ಅಂತ ಮತ್ತೆ ಸ್ಟಾರ್ಟ್ ಮಾಡಿ ನೋಡಬೇಡಿ, ಅರ್ಧ ಸುಟ್ಟ ವೈರು ಈಗ ಬತ್ತಲಾಗಿರುತ್ತದೆ. ಟೋ ಮಾಡಿಸಿ. ಗ್ಯಾರೇಜಿನಲ್ಲಿ ಸುಟ್ಟ ಭಾಗ ಬದಲಿಸಿಕೊಟ್ಟರು ಅಂತ ಸುಮ್ನೆ ಬರಬೇಡಿ. ಯಾವ ಪೈಪು, ಯಾವ ವೈರಿನಿಂದ ಶುರುವಾಯಿತು ಅಂತ ತೋರಿಸಿ ಅನ್ನಿ. ಅದು ಗೊತ್ತಾಗುವವರೆಗೆ ಕಾರು ಅಲ್ಲೇ ಇರಲಿ.