ಕಚೇರಿಯ ಹಳೇ ಪದ್ಧತಿ ಬದಲಿಸಲು ಮನವಿ ಕೊಡುವುದು ಹೇಗೆ?

ಸರ್ಕಾರಿ ಕಚೇರಿಯಲ್ಲಿ ಹೊಸ ಪದ್ಧತಿ ತನ್ನಿ ಎಂದರೆ ‘ಆಗಲ್ಲ’ ಎನ್ನುವವರು ಕಡಿಮೆ. ‘ನೋಡೋಣ, ಪರಿಶೀಲಿಸುತ್ತೇವೆ’ ಎನ್ನುತ್ತಾರೆ, ಕಡತ ಅಲ್ಲೇ ಕೂರುತ್ತದೆ. ಸೋಮಾರಿತನವೊಂದೇ ಕಾರಣವಲ್ಲ. ಹಳೇ ಪದ್ಧತಿಯಲ್ಲಿ ಕೆಲಸ ಕೆಟ್ಟರೆ ಕೇಳುವವರಿಲ್ಲ. ಹೊಸದಕ್ಕೆ ಸಹಿ ಹಾಕಿ ಕೆಟ್ಟರೆ ಆಡಿಟ್ ಆಕ್ಷೇಪಣೆ, ಇಲಾಖಾ ವಿಚಾರಣೆ ಎಲ್ಲವೂ ಸಹಿ ಹಾಕಿದವರ ತಲೆಗೆ. ಆದ್ದರಿಂದ ಆ ಸಹಿಗೆ ಆಧಾರ ಒದಗಿಸುವಂತೆ ಮನವಿ ಬರೆಯಬೇಕು.

ಮೊದಲು ನೀವು ಬದಲಿಸಬೇಕೆಂದಿರುವುದು ನಿಯಮವೋ, ಸುತ್ತೋಲೆಯೋ, ಬರೀ ರೂಢಿಯೋ ತಿಳಿದುಕೊಳ್ಳಿ. ನಿಯಮವಾದರೆ ತಹಶೀಲ್ದಾರರ ಮುಂದೆ ಎಷ್ಟು ಸಲ ನಿಂತರೂ ಉಪಯೋಗವಿಲ್ಲ, ಅದು ಸರ್ಕಾರದ ಮಟ್ಟದಲ್ಲೇ ಆಗಬೇಕು. ಸುತ್ತೋಲೆಯಾದರೆ ಹೊರಡಿಸಿದ ಕಚೇರಿಗೇ ಬರೆಯಿರಿ. ರೂಢಿಯಾದರೆ ಕಚೇರಿ ಮುಖ್ಯಸ್ಥರ ಒಂದು ಆದೇಶ ಸಾಕು. ತಾನೇ ಕೊಟ್ಟ ಪ್ರಮಾಣಪತ್ರದ ಜೆರಾಕ್ಸನ್ನು ಮತ್ತೆ ತಾನೇ ಕೇಳುವ ಕಚೇರಿಗಳಿವೆ. ‘ಯಾವ ಸುತ್ತೋಲೆ, ಸಂಖ್ಯೆ ಏನು?’ ಎಂದು ಕೇಳಿ ನೋಡಿ, ಎಷ್ಟೋ ಸಲ ಉತ್ತರವೇ ಇರುವುದಿಲ್ಲ.

ಇದನ್ನು ಬಾಯಲ್ಲಿ ಕೇಳಿದರೆ ಜಗಳವಾಗುತ್ತದೆ. ಮಾಹಿತಿ ಹಕ್ಕು ಕಾಯ್ದೆ, 2005ರಡಿ ಕೇಳಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಅರ್ಜಿ ಒಂದೇ ವಿಷಯದ್ದಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಎಷ್ಟೋ ಅರ್ಜಿಗಳು ಬಿದ್ದುಹೋಗುವುದು ಕೇಳುವ ರೀತಿಯಿಂದ. ‘ಯಾಕೆ ಹೀಗೆ ಮಾಡುತ್ತೀರಿ?’ ಎಂದು ಬರೆದರೆ ಅದು ಮಾಹಿತಿಯಲ್ಲ ಎಂದು ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರುತ್ತದೆ. ‘ಈ ದಾಖಲೆ ಕೇಳಲು ಆಧಾರವಾದ ಆದೇಶದ ನಕಲು ಕೊಡಿ’ ಎಂದು ಬರೆಯಿರಿ. ಮೊದಲೇ ಮನವಿ ಕೊಟ್ಟಿದ್ದರೆ ಆ ಕಡತದ ಟಿಪ್ಪಣಿ ಹಾಳೆಯ, ಅಂದರೆ ಸಿಬ್ಬಂದಿ, ಅಧಿಕಾರಿಗಳು ಅಭಿಪ್ರಾಯ ಬರೆದು ಸಹಿ ಹಾಕುವ ಹಾಳೆಯ ನಕಲನ್ನೂ ಕೇಳಿ. ಯಾರ ಮೇಜಿನಲ್ಲಿ ಎಷ್ಟು ದಿನ ನಿಂತಿತ್ತೆಂದು ದಿನಾಂಕಗಳೇ ಹೇಳುತ್ತವೆ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಸಲ್ಲಿಸಿ.

ಇನ್ನು ಮನವಿ. ಒಂದೇ ಬೇಡಿಕೆ, ಒಂದೇ ಪುಟ. ಬೇರೆ ತಾಲ್ಲೂಕಲ್ಲೋ ಇಲಾಖೆಯಲ್ಲೋ ಅದೇ ಬದಲಾವಣೆ ಆಗಿದ್ದರೆ ಆ ಆದೇಶದ ಪ್ರತಿ ಲಗತ್ತಿಸಿ. ಕಡತ ನೋಡಿಕೊಳ್ಳುವ ವಿಷಯ ನಿರ್ವಾಹಕರು ಟಿಪ್ಪಣಿಯಲ್ಲಿ ಮೊದಲು ಹುಡುಕುವುದು ಪೂರ್ವ ನಿದರ್ಶನವನ್ನೇ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟ ಮನವಿ ಕಳೆದುಹೋಗುವುದೇ ಹೆಚ್ಚು.

ಬೇಡಿಕೆಯಲ್ಲಿ ತಪ್ಪದೆ ಇರಬೇಕಾದದ್ದು ಹಳೇ ದಾರಿ ಮುಚ್ಚುವ ದಿನಾಂಕ. ಹೊಸದನ್ನು ಒಪ್ಪಿಕೊಂಡು, ಹಳೆಯದನ್ನೂ ಜೊತೆಗೆ ಉಳಿಸಿಕೊಂಡು, ಕೊನೆಗೆ ಹಳೆಯದಕ್ಕೇ ಮರಳುವುದು ಕಚೇರಿಗಳ ಹಳೇ ವರಸೆ. ಕರ್ನಾಟಕದ ಜಮೀನು ದಾಖಲೆಗಳನ್ನು ಕಂಪ್ಯೂಟರೀಕರಿಸಿದ ‘ಭೂಮಿ’ ಯೋಜನೆ ಗೆದ್ದದ್ದು ಇದಕ್ಕೆ ಎಡೆ ಕೊಡದೆ. ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದಷ್ಟೇ ಅಲ್ಲ, ಒಂದೊಂದೇ ತಾಲ್ಲೂಕಿನಲ್ಲಿ ಇನ್ನು ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲ ಎಂದು ಅಧಿಸೂಚಿಸಲಾಯಿತು. ಗ್ರಾಮ ಲೆಕ್ಕಿಗರ ಬಳಿಯೇ ಇದ್ದ ಪುಸ್ತಕಕ್ಕೆ ಆಮೇಲೆ ಬೆಲೆ ಉಳಿಯಲಿಲ್ಲ. ಖಾತೆ ಬದಲಾವಣೆಯಲ್ಲಿ ಮೊದಲು ಬಂದ ಅರ್ಜಿ ಮೊದಲು ಎಂಬ ಕ್ರಮವನ್ನು ತಂತ್ರಾಂಶಕ್ಕೇ ಹೊಲಿದರು. ತಮಗೆ ಬೇಕಾದ ಅರ್ಜಿಯನ್ನು ಮುಂದೆ ಎಳೆಯುವುದು ಕಷ್ಟವಾಯಿತು. ಹಾಗೆಂದು ಎಲ್ಲ ಸರಿಹೋಯಿತು ಎನ್ನಲಾಗದು. ಊರಲ್ಲೇ ಸಿಗುತ್ತಿದ್ದ ಕಾಗದಕ್ಕೆ ಮೊದಮೊದಲು ತಾಲ್ಲೂಕು ಕೇಂದ್ರಕ್ಕೆ ಅಲೆಯಬೇಕಾಯಿತು. ನಿಮ್ಮ ಬದಲಾವಣೆಯಿಂದ ಯಾರಿಗೆ ಹೊಸ ಓಡಾಟ ಬೀಳುತ್ತದೆಂದು ನೀವೂ ಮೊದಲೇ ಲೆಕ್ಕ ಹಾಕಿ. ವಿರೋಧ ಅಲ್ಲಿಂದಲೂ ಏಳುತ್ತದೆ.

ಒಪ್ಪಿಗೆ ಸಿಕ್ಕಿತೆಂದು ಮನೆಗೆ ಹೋಗಬೇಡಿ. ಅಧಿಕಾರಿ ವರ್ಗವಾದರೆ ಬಾಯಿಮಾತಿನ ಒಪ್ಪಿಗೆಯೂ ಅವರೊಂದಿಗೇ ವರ್ಗ. ಸಂಖ್ಯೆ, ದಿನಾಂಕ ಇರುವ ಆದೇಶ ಹೊರಡಿಸಿಕೊಂಡು ದೃಢೀಕೃತ ನಕಲು ಪಡೆಯಿರಿ, ಒಂದು ಪ್ರತಿ ಸೂಚನಾ ಫಲಕಕ್ಕೆ ಹಾಕಿಸಿ, ಹೊಸಬರು ಬಂದ ಮೊದಲ ವಾರದಲ್ಲೇ ಇನ್ನೊಂದನ್ನು ಟಪಾಲಿಗೆ ಕೊಡಿ.