ಕೇಳುಗರ ಬಾಯಿ ಬಿಟ್ಟು ಕೈ ನೋಡಿದೆ: ಹಾರರ್ ಹಿಪ್ ಹಾಪ್ ಆಲ್ಬಂ ಮಾಡಿದ ನನ್ನ ಅನುಭವ

ಹಾರರ್ ಹಿಪ್ ಹಾಪ್, ಅಂದರೆ ಹೆದರಿಸುವ ರ‍್ಯಾಪ್, ಮಾಡುವವರಿಗೆ ಕೇಳುಗರಿಂದ ಬರುವ ಮಾತು ಎರಡೇ. ಒಂದು, ‘ಸಖತ್ ಆಗಿದೆ’. ಇನ್ನೊಂದು, ‘ಬರೀ ಸದ್ದು, ಏನೂ ತಿಳಿಯಲಿಲ್ಲ’. ಈ ಎರಡು ಮಾತು ಇಟ್ಟುಕೊಂಡು ಮಿಕ್ಸ್‌ನಲ್ಲಿ ಒಂದು ಫೇಡರ್ (ಸದ್ದಿನ ಮಟ್ಟ ಏರಿಳಿಸುವ ಗುಂಡಿ) ಕೂಡ ಅಲುಗಿಸಲು ಆಗುವುದಿಲ್ಲ. ಅದಕ್ಕೇ ನಾನು ಕೇಳುಗರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಅವರ ಕೈ ಎಲ್ಲಿ ಹೋಗುತ್ತದೆ ಅಂತ ಗುರುತು ಹಾಕಿಕೊಂಡೆ. ಬೀಟ್ ಮಾಡುವ ಗೆಳೆಯರು ಆಗ ನಕ್ಕಿದ್ದರು. ‘ಹಾಡು ಮಾಡ್ತೀಯೋ, ಪರೀಕ್ಷೆ ನಡೆಸ್ತೀಯೋ’ ಅಂದಿದ್ದರು. ಈಗ ಅವರೇ ಡೆಮೊ ತಂದು ‘ಯಾರನ್ನಾದ್ರೂ ಕೂರಿಸಿ ನೋಡು’ ಅನ್ನುತ್ತಿದ್ದಾರೆ.

ಅಲ್ಲಿಗೆ ಬರುವ ಮೊದಲು ದುಡ್ಡು ಚೆನ್ನಾಗಿಯೇ ಹೋಯಿತು. ಶುರುವಿನಲ್ಲಿ ಒಂದು ಫಾರ್ಮ್ ಮಾಡಿ, ಎಷ್ಟು ಭಯ ಆಯಿತು ಅಂತ 10ಕ್ಕೆ ಅಂಕ ಕೇಳಿದೆ. ಹೆಚ್ಚುಕಡಿಮೆ ಎಲ್ಲರೂ 7, 8 ಕೊಟ್ಟರು. ಅವರಿಗೆ ನನ್ನ ಮೇಲೆ ಪ್ರೀತಿ ಇದೆ ಅಂತ ಗೊತ್ತಾಯಿತು, ಅಷ್ಟೇ. ಆಮೇಲೆ ಪ್ಲೇಲಿಸ್ಟ್‌ಗೆ ಹಾಕಿಸುತ್ತೇವೆ ಅಂದ ಒಂದು ಪ್ರಚಾರ ಕಂಪನಿಗೆ, ಇಡೀ ಆಲ್ಬಂಗೆ ಎತ್ತಿಟ್ಟಿದ್ದ ದುಡ್ಡಿನ ಮೂರನೇ ಒಂದು ಪಾಲು ಕೊಟ್ಟೆ. ಪ್ಲೇಗಳೇನೋ ಬಂದವು. ಆದರೆ ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಪ್ಲೇ ಲೆಕ್ಕಕ್ಕೆ ಸಿಗುತ್ತದೆ ಅಲ್ವಾ? ಲೆಕ್ಕ ಏರುತ್ತಲೇ ಇತ್ತು. ಹಾಡನ್ನು ಉಳಿಸಿಕೊಂಡವರು, ಮತ್ತೆ ಬಂದು ಕೇಳಿದವರು ಯಾರೂ ಇರಲಿಲ್ಲ.

ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಲಿಂಕ್ (ಕೊಟ್ಟವರಿಗೆ ಮಾತ್ರ ಸಿಗುವಂಥದ್ದು) ಹಾಕಿ, ಯಾವ ಕ್ಷಣದವರೆಗೆ ಎಷ್ಟು ಜನ ಉಳಿದರು ಅಂತ ತೋರಿಸುವ ರಿಟೆನ್ಷನ್ ಗ್ರಾಫ್ ನೋಡಿದ್ದು ಸ್ವಲ್ಪ ಕೆಲಸಕ್ಕೆ ಬಂತು. ಮೂರನೇ ಟ್ರ್ಯಾಕ್‌ನ ಫೀಡ್‌ಬ್ಯಾಕ್ ನಾಯ್ಸ್ (ಕೀರಲು ಸದ್ದು) ಹತ್ತಿರ ಗೆರೆ ಧಡಕ್ಕನೆ ಇಳಿದಿತ್ತು. ಎದ್ದು ಹೋದದ್ದು ಗೊತ್ತಾಯಿತು. ಹೆದರಿ ಹೋದರಾ, ಬೇಜಾರಾಗಿ ಹೋದರಾ ಅನ್ನುವುದು ಗ್ರಾಫ್‌ನಲ್ಲಿ ಸಿಗುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಕೂರಿಸುವ ಕ್ರಮ ಹೀಗಿತ್ತು. ಒಂದು ಸಲಕ್ಕೆ ಒಬ್ಬರೇ. ಹೊರಗಿನ ಸದ್ದು ಕಡಿಮೆ ಮಾಡುವ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್, ವಾಲ್ಯೂಮ್ ನಾಬ್ ಅವರ ಕೈಗೆ ಸಿಗುವ ಹಾಗೆ. ಕೈ ಕಾಣುವಷ್ಟು ಮಾತ್ರ ಬೆಳಕು. ನಾನು ಎದುರಿಗೆ ಕೂರುವುದಿಲ್ಲ, ಪಕ್ಕದಲ್ಲಿ ಸ್ವಲ್ಪ ಹಿಂದಕ್ಕೆ. ಹಾರರ್ ಅಂತ ಮೊದಲೇ ಹೇಳುವುದಿಲ್ಲ. ಮುಗಿದ ಮೇಲೆ ಪ್ರಶ್ನೆಯೂ ಇಲ್ಲ. ಮಾರನೇ ದಿನ ಫೋನ್ ಮಾಡಿ ‘ನೆನಪಿರುವುದನ್ನು ಹೇಳಿ’ ಅಂತ ಒಂದೇ ಮಾತು. ಹೀಗೆ ಒಂದು ಇಪ್ಪತ್ತೈದು, ಮೂವತ್ತು ಜನರನ್ನು ಕೂರಿಸಿರಬೇಕು. ಅರ್ಧದಷ್ಟು ಜನ ರ್‍ಯಾಪ್ ಕೇಳುವವರೇ ಅಲ್ಲ.

ಐದಾರು ಜನ ಮುಗಿಯುವಷ್ಟರಲ್ಲಿ ವಿಷಯ ಕಣ್ಣಿಗೆ ಕಂಡಿತು. ಕಿರಿಕಿರಿ ಆದವರ ಕೈ ನಾಬ್‌ಗೆ ಹೋಗುತ್ತದೆ. ಹೆದರಿದವರ ಕೈ ಕಿವಿಗೆ ಹೋಗುತ್ತದೆ. ಹೆದರಿದವರು ವಾಲ್ಯೂಮ್ ಮುಟ್ಟುವುದೇ ಇಲ್ಲ. ಒಂದು ಕಿವಿಯ ಕಪ್ ಎತ್ತಿ, ಕೋಣೆಯಲ್ಲಿ ಏನಾದರೂ ಸದ್ದಾಯಿತಾ ಅಂತ ನೋಡಿ, ಮತ್ತೆ ಮುಚ್ಚುತ್ತಾರೆ.

ನಾಲ್ಕನೇ ಟ್ರ್ಯಾಕ್‌ನಲ್ಲಿ ಎರಡನೇ ವರ್ಸ್ ಮುಗಿದ ತಕ್ಷಣ ಕಿಕ್ (ಡ್ರಮ್‌ನ ದಪ್ಪ ಏಟು), ಬೇಸ್ ಎಲ್ಲ ನಿಲ್ಲಿಸಿದ್ದೇನೆ. ಎಡಗಿವಿಯಲ್ಲಿ ಒಂದು ಉಸಿರು ಮಾತ್ರ. ರಿವರ್ಬ್ (ಕೋಣೆಯ ಮಾರ್ದನಿ) ಇಲ್ಲ, ಮೈಕ್‌ಗೆ ತುಟಿ ತಾಗುವಷ್ಟು ಹತ್ತಿರದಿಂದ ರೆಕಾರ್ಡ್ ಮಾಡಿದ್ದು. ಒಬ್ಬರು ಅಲ್ಲಿ ಹೆಬ್ಬೆರಳಿನಿಂದ ಎಡಗಪ್ ಮೇಲಕ್ಕೆ ತಳ್ಳಿ, ಬಾಗಿಲ ಕಡೆ ನೋಡಿ, ನನ್ನನ್ನೂ ಒಂದು ಸಲ ನೋಡಿ, ಮತ್ತೆ ಕಪ್ ಸರಿಮಾಡಿಕೊಂಡರು. ಮಾರನೇ ದಿನ ಫೋನ್‌ನಲ್ಲಿ ಅವರು ಹೇಳಿದ್ದು ಒಂದು ಮನೆಯ ಕಥೆ: ಉದ್ದನೆಯ ಓಣಿ, ಕೊನೆಯಲ್ಲಿ ಅರ್ಧ ತೆರೆದ ಬಾಗಿಲು. ನನ್ನ ಸಾಹಿತ್ಯದಲ್ಲಿ ಮನೆಯೂ ಇಲ್ಲ, ಓಣಿಯೂ ಇಲ್ಲ. ಆ ಜಾಗವನ್ನು ನಾನು ಇವತ್ತಿಗೂ ಮುಟ್ಟಿಲ್ಲ.

ಇನ್ನೊಂದು ಅಳತೆ ತಲೆ ಆಡಿಸುವುದು. ಗ್ರೇವ್‌ಡಿಗ್ಗಾಜ್ ತಂಡದ 1994ರ ಆಲ್ಬಂ ಕಾಲದಿಂದಲೂ ಹಾರರ್‌ಕೋರ್ (ಹಾರರ್ ಹಿಪ್ ಹಾಪ್‌ಗೆ ಇರುವ ಇನ್ನೊಂದು ಹೆಸರು) ಅಂದರೆ ರಕ್ತದ ಸಾಲುಗಳು ಅನ್ನುವವರು ತುಂಬಾ ಜನ. ನನ್ನ ಕೇಳುಗರು ರಕ್ತದ ಸಾಲಿಗೆ ಇನ್ನೂ ಜೋರಾಗಿ ತಲೆ ಆಡಿಸಿದರು! ಅದು ರ್‍ಯಾಪರ್‌ಗೆ ಸಿಗುವ ಮೆಚ್ಚುಗೆ, ಭಯ ಅಲ್ಲ. ಹಾಗಾಗಿ ಒಂದೇ ವರ್ಸ್ ಎರಡು ಥರ ಹಾಡಿಸಿದೆ. ‘ನಾನು ಒಳಗೆ ಬಂದೆ’ ಅಂತ ಒಂದು, ‘ನೀನು ಬಾಗಿಲು ಹಾಕಿದೆ’ ಅಂತ ಇನ್ನೊಂದು. ‘ನೀನು’ ಬಂದಾಗ ತಲೆ ನಿಂತಿತು. ಅಮೆರಿಕದ ಕ್ಲಿಪ್ಪಿಂಗ್ ಅನ್ನುವ ಹಿಪ್ ಹಾಪ್ ತಂಡದ ಡವೀಡ್ ಡಿಗ್ಸ್ ಆ ತಂಡದ ರ್‍ಯಾಪ್‌ನಲ್ಲಿ ‘ನಾನು’ ಅನ್ನುವುದನ್ನೇ ದೂರ ಇಟ್ಟಿದ್ದಾರೆ ಅಂತ ಓದಿದ್ದೆ. ಅದರ ಬಲ ಕಣ್ಣಾರೆ ಕಂಡದ್ದು ಆಗಲೇ.

ಅದೇ ತಂಡದ 2019ರ ಹಾರರ್ ಆಲ್ಬಂನ ಕೊನೆಯ ಟ್ರ್ಯಾಕ್ 18 ನಿಮಿಷ. ಪಿಯಾನೋ ಉರಿಯುವ ಸದ್ದು, ಅಷ್ಟೇ. ಸಂಗೀತ ಸಂಯೋಜಕಿ ಆನಿಯಾ ಲಾಕ್‌ವುಡ್ 1968ರಲ್ಲಿ ರೂಪಿಸಿದ ಕೃತಿ ಅದು. ನನಗೆ ಅದೆಂದರೆ ಪ್ರಾಣ. ನಾನೂ ಕೊನೆಗೆ ಆರು ನಿಮಿಷದ ಸದ್ದು ಇಟ್ಟು ನೋಡಿದೆ. ಜಾಸ್ತಿ ಜನ ಆಲ್ಬಂ ಮುಗಿಯಿತು ಅಂದುಕೊಂಡು ಹೆಡ್‌ಫೋನ್ ಪೂರ್ತಿ ತೆಗೆದು ಮೇಜಿನ ಮೇಲಿಟ್ಟರು. ಈಗ ಅದು ಒಂದೂವರೆ ನಿಮಿಷ, ಒಳಗೆ ಒಂದು ಚಿಕ್ಕ ಉಪಾಯ ಸೇರಿಸಿದ್ದೇನೆ. ಈಗ ಯಾರೂ ತೆಗೆಯುವುದಿಲ್ಲ. ಉಪಾಯ ಏನು ಅಂತ ಸದ್ಯಕ್ಕೆ ಹೇಳುವುದಿಲ್ಲ.

ನಾಯ್ಸ್ ವಿಷಯಕ್ಕೆ ಬರುತ್ತೇನೆ. ಕಿರುಚಾಟದಲ್ಲಿ ಸದ್ದಿನ ಮಟ್ಟ ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ, ಅದೇ ಅದರ ಒರಟುತನ ಅಂತ 2015ರಲ್ಲಿ ಆರ್ನಾಲ್, ಪೊಪೆಲ್ ಮುಂತಾದ ಸಂಶೋಧಕರು ತೋರಿಸಿದ್ದಾರೆ. ಅದನ್ನು ಓದಿ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ) ಸೌಂಡ್‌ನ ವಾಲ್ಯೂಮನ್ನು ಸೆಕೆಂಡಿಗೆ ಸುಮಾರು 70 ಸಲ, ಅಂದರೆ 70 ಹರ್ಟ್ಸ್‌ನಲ್ಲಿ ನಡುಗಿಸಿದೆ. ಜೋರಾಗಿ ಇಟ್ಟಾಗ ಎಲ್ಲರ ಕೈಯೂ ನಾಬ್‌ಗೆ. ದನಿಗಿಂತ 18, 20 ಡೆಸಿಬೆಲ್ ಕೆಳಗೆ ಇಳಿಸಿದಾಗ ಕೈ ಕಿವಿಗೆ. ಸಾಲಿನ ಯಾವ ಪದದಲ್ಲಿ ಅದನ್ನು ಎತ್ತಬೇಕು ಅನ್ನುವುದರಲ್ಲೇ ಎಲ್ಲ ಇದೆ. ಅದು ನನ್ನ ಹತ್ತಿರವೇ ಇರಲಿ.

19 ಹರ್ಟ್ಸ್ ಪ್ರಯೋಗವನ್ನೂ ಮಾಡಿದೆ. ಬ್ರಿಟನ್ನಿನ ಎಂಜಿನಿಯರ್ ವಿಕ್ ಟ್ಯಾಂಡಿ 1998ರಲ್ಲಿ ಬರೆದ ಕಥೆ ಇದೆ: ಲ್ಯಾಬ್‌ನಲ್ಲಿ ‘ದೆವ್ವ’ ಕಂಡದ್ದಕ್ಕೆ ಕಾರಣ ಫ್ಯಾನ್ ಹೊರಡಿಸುತ್ತಿದ್ದ, ಕಿವಿಗೆ ಕೇಳಿಸದ ಸುಮಾರು 19 ಹರ್ಟ್ಸ್ ಸದ್ದು ಅಂತ. ಬೀಟ್ ಕೆಳಗೆ ಅಷ್ಟೇ ಹರ್ಟ್ಸ್‌ನ ಸೈನ್ ವೇವ್ (ಬರೀ ಒಂದೇ ಸ್ವರ) ಇಟ್ಟೆ. ಹೆಡ್‌ಫೋನ್‌ನಲ್ಲಿ ಯಾರಿಗೂ ಏನೂ ಆಗಲಿಲ್ಲ. ಸದ್ದು ಒಡೆಯದೆ ಏರಲು ಬೇಕಾದ ಜಾಗವನ್ನು (ಹೆಡ್‌ರೂಮ್) ತಿಂದು ಹಾಕಿತು, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಬಂದ ಮೇಲೆ ಕಿಕ್ ಸೊರಗಿತು. ಬಾಡಿಗೆಗೆ ದೊಡ್ಡ ಸಬ್‌ವೂಫರ್ ತಂದರೆ ಕಿಟಕಿ ಗಡಗಡ ಅಂದವು, ಕೇಳುಗರು ಕಿಟಕಿ ನೋಡುತ್ತಾ ಕೂತರು. ಬಾಡಿಗೆ ಹೋಯಿತು.

ಮಾಸ್ಟರಿಂಗ್, ಅಂದರೆ ಬಿಡುಗಡೆಗೆ ಮೊದಲಿನ ಕೊನೆಯ ಹದ, ಮೂರು ಸಲ ಆಯಿತು, ಮೂರಕ್ಕೂ ದುಡ್ಡು. ಸುಮ್ನೆ ಜೋರು ಮಾಡಿದರೆ ಸ್ಟ್ರೀಮಿಂಗ್‌ನಲ್ಲಿ ಮೈನಸ್ 14 ಲಫ್ಸ್ (ಸದ್ದು ಎಷ್ಟು ಜೋರು ಅನ್ನುವ ಅಳತೆ) ಹತ್ತಿರಕ್ಕೆ ಇಳಿಸಿಬಿಡುತ್ತಾರೆ, ಉಸಿರಿನ ಜಾಗ ಬಿಟ್ಟು ಬೇರೆಲ್ಲ ಚಪ್ಪಟೆ ಅನ್ನಿಸುತ್ತದೆ. ಕೊನೆಯದನ್ನು ಮೈನಸ್ 15ರ ಸುತ್ತಮುತ್ತ ಬಿಟ್ಟೆವು. ಕಿರುಚಾಟದ ಸ್ಯಾಂಪಲ್ ಪ್ಯಾಕ್ (ಸಿದ್ಧ ರೆಕಾರ್ಡಿಂಗ್‌ಗಳ ಕಟ್ಟು) ಕೂಡ ಕೊಂಡಿದ್ದೆ. ಬಳಸಿದ್ದು ಒಂದೇ ಫೈಲ್, ಅದೂ ತುಂಬಾ ನಿಧಾನ ಮಾಡಿ. ಒಟ್ಟು ಖರ್ಚಿನ ಅರ್ಧ ಯಾರ ಕಿವಿಗೂ ತಲುಪಲಿಲ್ಲ. ಕೂರಿಸಿ ನೋಡಿದ್ದಕ್ಕೆ ತಗುಲಿದ್ದು ಒಂದು ಹೆಡ್‌ಫೋನ್‌ನ ಬೆಲೆ.

ಆಲ್ಬಂ ಬಂದ ಮೇಲೆ ಗುರುತಿಲ್ಲದವರಿಂದಲೂ ಸಂದೇಶ ಬಂದಿವೆ. ತುಂಬಾ ಜನ ಬರೆದದ್ದು ನಾಲ್ಕನೇ ಟ್ರ್ಯಾಕ್‌ನ ಆ ಉಸಿರಿನ ಬಗ್ಗೆಯೇ. ಆದರೆ ಇವರಲ್ಲಿ ಹೆಚ್ಚಿನವರು ಕೇಳುವುದು ವೈರ್‌ಲೆಸ್ ಇಯರ್‌ಬಡ್‌ನಲ್ಲಿ. ಒಂದು ಬಡ್ ತೆಗೆದರೆ ಅದರಲ್ಲಿ ಎಷ್ಟೋ ಸಲ ಹಾಡೇ ನಿಂತುಬಿಡುತ್ತದೆ. ಹೆದರಿದ ತಕ್ಷಣ ಸದ್ದು ಪೂರ್ತಿ ಮಾಯ! ಮತ್ತೆ ಹಾಕಿಕೊಂಡಾಗ ಹಾಡು ಅಲ್ಲಿಂದಲೇ ಮುಂದುವರಿದರೆ ಭಯ ಉಳಿಯುತ್ತದಾ ಅಂತ ಈಗ ಬಡ್ ಹಾಕಿಸಿ ಮತ್ತೆ ಜನರನ್ನು ಕೂರಿಸುತ್ತಿದ್ದೇನೆ. ಈವರೆಗೆ ಏಳೆಂಟು ಜನ ಆಗಿದ್ದಾರೆ. ಇಬ್ಬರು ಬಡ್ ಮತ್ತೆ ಹಾಕಿಕೊಳ್ಳಲೇ ಇಲ್ಲ.